ಒತೀಲಿಯ ದುಡಿದ ಮನೆಗಳು

ಭಾನುವಾರದ ಊಟಕ್ಕೆ ಒತೀಲಿಯ ಮೇಜಿನ ಮೇಲೆ ಮೂರೇ ತಟ್ಟೆ ಇಟ್ಟಳು. ಗಂಡ ಗಾವ್ರಿಲನಿಗೊಂದು, ಅತ್ತೆ ಸವೇತಳಿಗೊಂದು, ಮಗಳು ಮಿರೂನಳಿಗೊಂದು. ಹುರುಳಿಕಾಯಿಯ ಹುಳಿ ಸಾರು ಬಡಿಸಿದಳು. ಹಲಗೆಯ ಮೇಲೆ ಮಗುಚಿದ ಮೆಕ್ಕೆಜೋಳದ ಮುದ್ದೆಯನ್ನು ದಾರದಿಂದ ಕೊಯ್ದು ಹಂಚಿದಳು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಸರಿದು ನಿಂತಳು.

“ಅಮ್ಮ, ನೀನೂ ಕೂತ್ಕೋ ಬಾ,” ಎಂದಳು ಮಿರೂನ.

“ನಂದು ಆಮೇಲೆ ಆಗುತ್ತಮ್ಮ. ನೀವು ಮುಗಿಸಿ.”

“ನಿನ್ನ ಮನೇಲಿ ನೀನೇ ನಿಂತ್ಕೊಂಡು ತಿಂತೀಯಾ?”

ಒತೀಲಿಯ ನಕ್ಕಳು. ದೊಡ್ಡವರ ಮನೆಯ ಮಕ್ಕಳು ತಮಾಷೆ ಮಾಡಿದಾಗ ಕೆಲಸದವರು ನಗುವ ನಗು ಅದು. ನಕ್ಕು ಅತ್ತೆಯ ಕಡೆ ತಿರುಗಿ, “ಅಮ್ಮಾವ್ರೆ, ಉಪ್ಪು ಸರಿಯಾಗಿದೆಯಾ?” ಎಂದು ಕೇಳಿದಳು.

“ಅಮ್ಮಾವ್ರಂತೆ ಅಮ್ಮಾವ್ರು,” ಎಂದಳು ಸವೇತ, ಚಮಚವನ್ನು ತಟ್ಟೆಯಲ್ಲಿ ಬಿಟ್ಟು. “ಸೊಸೆಯಾಗಿ ಬಂದಾಗಿಂದ ಒಂದು ದಿನ ಬಾಯ್ತುಂಬ ಅತ್ತೆ ಅಂತ ಕರೀಲಿಲ್ಲ. ಈಗ ನೋಡು, ಮರ್ಯಾದೆ ಉಕ್ಕಿ ಬರ್ತಿದೆ.”

“ಅಜ್ಜಿ, ಸುಮ್ಮನೆ ಊಟ ಮಾಡು,” ಎಂದಳು ಮಿರೂನ.

ಗಾವ್ರಿಲ್ ತಲೆ ಎತ್ತದೆ ಮುದ್ದೆ ಮುರಿದುಕೊಂಡ. ಅವನನ್ನು ಒತೀಲಿಯ ‘ಯಜಮಾನರೆ’ ಎಂದು ಕರೆಯುತ್ತಿದ್ದಳು. ಹೊರಗಿನವರು ಕೇಳಿದರೆ ಹೆಂಡತಿ ಗಂಡನಿಗೆ ಮರ್ಯಾದೆ ಕೊಡುತ್ತಿದ್ದಾಳೆ ಎಂದುಕೊಳ್ಳಬಹುದಿತ್ತು. ಅವಳ ಮನಸ್ಸಿನಲ್ಲಿದ್ದದ್ದು ಸಂಬಳ ಕೊಡುವ ಯಜಮಾನ.

ಉತ್ತರ ರೊಮೇನಿಯದ ಫಲ್ತಿಚೇನಿಯಲ್ಲಿ ಮರ ಕೊಯ್ಯುವ ಕಾರ್ಖಾನೆ ಮುಚ್ಚಿದಾಗ ಅಲ್ಲಿ ಕೆಲಸಕ್ಕಿದ್ದ ಗಂಡಸರೆಲ್ಲ ಮನೆ ಸೇರಿದರು, ಅವರ ಹೆಂಡಂದಿರು ಬಸ್ಸು ಹತ್ತಿ ಇಟಲಿಗೆ ಹೋದರು. ಒತೀಲಿಯ ಹೋದಾಗ ಮಿರೂನ ಎರಡನೇ ತರಗತಿಯಲ್ಲಿದ್ದಳು. ಅಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ. ಮೀಸುವುದು, ಉಣಿಸುವುದು, ಮಗ್ಗುಲು ಬದಲಿಸುವುದು. ಒಂದು ಮನೆಯ ಮುದುಕರು ತೀರಿಕೊಂಡರೆ ಇನ್ನೊಂದು ಮನೆ. ಹೀಗೆ ಹದಿನೇಳು ವರ್ಷ. ಕೆಲಸ ಸಾಕು ಮಾಡಿ ಊರಿಗೆ ಬಂದ ಮೊದಲ ವರ್ಷ ಚೆನ್ನಾಗಿಯೇ ಇದ್ದಳು. ಆಮೇಲೆ ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಆಮೇಲೆ ಹೆಸರುಗಳು ಹೋದವು. ಸುಚಾವದ ಡಾಕ್ಟರು ರೋಗದ ಹೆಸರು ಹೇಳಿ, “ಇದು ಹಿಂದಕ್ಕೆ ಬರೋದಲ್ಲ,” ಎಂದರು. ಈಗೀಗ ಸಂಜೆಯಾದರೆ ಒತೀಲಿಯ ಬಟ್ಟೆ ಚೀಲಕ್ಕೆ ತುಂಬಿ, ಕೋಟು ಹಾಕಿಕೊಂಡು ನಡುಮನೆಯ ಬೆಂಚಿನ ಮೇಲೆ ಕೂರುತ್ತಿದ್ದಳು. “ನನ್ನ ರಜ ಮುಗೀತು ಯಜಮಾನರೆ. ಬಸ್ಸಿನ ಹೊತ್ತಾಯ್ತು, ಹೊರಡ್ತೀನಿ.” ಇವತ್ತು ಬಸ್ಸಿಲ್ಲ ಎಂದು ಗಾವ್ರಿಲ್ ಹೇಳುತ್ತಿದ್ದ. ಅವಳು ಬಟ್ಟೆ ತೆಗೆದಿಟ್ಟು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಆ ಭಾನುವಾರ ಒತೀಲಿಯ ಹಿತ್ತಿಲಿಗೆ ಹೋದದ್ದನ್ನು ನೋಡಿ ಮಿರೂನ ಮಾತು ತೆಗೆದಳು. ಅವಳು ಪೇಟೆಯ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು, ಗಂಡನನ್ನು ಬಿಟ್ಟು ತವರಿಗೆ ಬಂದಿದ್ದಳು.

“ಅಪ್ಪ, ಅಮ್ಮನ್ನ ಒಂದು ಸಲ ಅಲ್ಲಿಗೆ ಕರ್ಕೊಂಡು ಹೋಗಿ ಬಾ. ಆ ಮನೆಗಳನ್ನ ನೋಡಿದರೆ ಈ ಬಸ್ಸಿನ ಗೀಳು ಇಳಿದೀತು.”

“ಇಟಲಿಗಾ? ನಾನಾ?”

“ಇನ್ನು ಯಾರು? ನನಗೆ ಅಷ್ಟು ದಿನ ರಜ ಕೊಡಲ್ಲ. ಅಜ್ಜಿನ್ನೂ ನೋಡ್ಕೋಬೇಕು.”

“ತನ್ನ ಒಲೆ ಯಾವುದು ಅಂತ ಗೊತ್ತಿಲ್ಲದವಳನ್ನ ದೇಶ ದಾಟಿಸ್ತೀರಾ?” ಎಂದಳು ಸವೇತ. “ಯಾವುದಾದರೂ ನಿಲ್ದಾಣದಲ್ಲಿ ಕಳೆದು ಹೋದರೆ ಹುಡುಕೋರು ಯಾರು? ಇವನಾ? ಇವನು ಇಲ್ಲೇ ಯಾಶ್ ಪಟ್ಟಣದಲ್ಲೇ ದಾರಿ ತಪ್ಪಿಸ್ಕೊಂಡೋನು.”

“ನನಗೆ ಅಲ್ಲಿಯ ಭಾಷೆ ಬರಲ್ಲ ಮಿರೂನ.”

“ಅಮ್ಮನಿಗೆ ಬರುತ್ತೆ. ಹೆಸರು ಮರೆತಿದಾಳೆ, ಭಾಷೆ ಮರೆತಿಲ್ಲ.” ಮಿರೂನ ತಟ್ಟೆಗಳನ್ನು ಒಂದರ ಮೇಲೊಂದು ಸದ್ದು ಮಾಡಿ ಜೋಡಿಸಿದಳು. “ಪ್ರತಿ ಬೇಸಿಗೆ ಕರೀತಿದ್ದಳು. ಒಂದು ವರ್ಷ ಹುಲ್ಲು ಕೊಯ್ಯೋದಿದೆ ಅಂದೆ. ಒಂದು ವರ್ಷ ಹಂದಿಗೆ ಹುಷಾರಿಲ್ಲ ಅಂದೆ. ಈಗ ಹಂದೀನೂ ಇಲ್ಲ, ಹುಲ್ಲೂ ಇಲ್ಲ. ಈಗೇನಂತೀಯಾ?”

ಗಾವ್ರಿಲ್ ಮೇಜಿನ ಮೇಲೆ ಬಿದ್ದ ಮುದ್ದೆಯ ಚೂರುಗಳನ್ನು ಅಂಗೈಗೆ ಬಳಿದುಕೊಂಡ. ಬೇರೆಯವರ ಮನೆಯಲ್ಲಿ ಕೆಲಸದವಳ ಗಂಡ ಎಂದು ಟೋಪಿ ಕೈಯಲ್ಲಿ ಹಿಡಿದು ನಿಲ್ಲುವುದು ಅವನಿಗೆ ಆಗಿ ಬರುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು. ಅಂದು ಸಂಜೆ ಒತೀಲಿಯ ಚೀಲ ಹಿಡಿದು ಬಂದು ಬೆಂಚಿನ ಮೇಲೆ ಕೂತಾಗ, ಅವನು ಅವಳ ಪಕ್ಕ ಕೂತು, “ಈಸ್ಟರ್ ಕಳೀಲಿ. ನಾನೂ ಬರ್ತೀನಿ,” ಎಂದ.

“ನೀವ್ಯಾಕೆ ಯಜಮಾನರೆ ತೊಂದರೆ ತಗೋತೀರಿ,” ಎಂದಳು ಅವಳು.

*

ಬಸ್ಸಿನಲ್ಲಿ ಅವನ ಕಾಲು ಊದಿಕೊಂಡವು. ಗಡಿ ದಾಟುವಾಗ ಪೊಲೀಸರು ಕೇಳದಿದ್ದರೂ ಗುರುತಿನ ಚೀಟಿಯನ್ನು ಕೈಯಲ್ಲೇ ಹಿಡಿದು ಕೂತಿದ್ದ. ಒತೀಲಿಯ ಮಾತ್ರ ಚಪ್ಪಲಿ ಬಿಚ್ಚಿ, ಕೋಟನ್ನು ಮಡಿಸಿ ತಲೆದಿಂಬು ಮಾಡಿಕೊಂಡು, ಹಂಗೇರಿ ಪೂರ್ತಿ ನಿದ್ದೆ ಮಾಡಿದಳು.

ಇಟಲಿಯ ಊದಿನೆ ಊರಿನಲ್ಲಿ ಇಳಿದಾಗ ಅವಳ ನಡಿಗೆಯೇ ಬದಲಾಯಿತು. ಬೆನ್ನು ನೆಟ್ಟಗಾಯಿತು. ನಿಲ್ದಾಣದ ಕಿಟಕಿಯಲ್ಲಿ ಏನೋ ಕೇಳಿದಳು, ನಕ್ಕಳು, ಚಿಲ್ಲರೆ ಎಣಿಸದೆ ಚೀಲಕ್ಕೆ ಹಾಕಿಕೊಂಡಳು. ಗಾವ್ರಿಲನಿಗೆ ಆ ಭಾಷೆ ತನ್ನ ಭಾಷೆಯ ದಾಯಾದಿಯಂತೆ ಕೇಳುತ್ತಿತ್ತು. ನಿಧಾನಕ್ಕೆ ಆಡಿದರೆ ಅರ್ಧ ತಿಳಿಯುತ್ತಿತ್ತು, ಬೇಗ ಆಡಿದರೆ ಎಲ್ಲ ಜಾರಿ ಹೋಗುತ್ತಿತ್ತು.

“ನನ್ನ ಹಿಂದೇನೇ ಬನ್ನಿ ಯಜಮಾನರೆ. ಹೊಸಬರಿಗೆ ಇಲ್ಲಿ ದಾರಿ ತಪ್ಪುತ್ತೆ,” ಎಂದಳು. ಅವನು ಅವಳ ಚೀಲದ ಹಿಡಿಯನ್ನು ಹಿಡಿದುಕೊಂಡು ಹಿಂದೆ ಹೋದ.

ಅವಳು ಕೊನೆಗೆ ದುಡಿದದ್ದು ಆ ಊರಿನಲ್ಲಿ. ಅವಳು ನೋಡಿಕೊಂಡಿದ್ದ ಮುದುಕಿ ತೀರಿಕೊಂಡಿದ್ದಳು, ಫ್ಲ್ಯಾಟನ್ನು ಮಾರಿಯಾಗಿತ್ತು. ಮಿರೂನ ಮೊದಲೇ ಮಾತಾಡಿದ್ದರಿಂದ ಮುದುಕಿಯ ಮಗಳು ಲೊರೆದಾನ ಒಂದು ಕಾಫಿ ಅಂಗಡಿಗೆ ಬಂದಳು. ಒತೀಲಿಯಳನ್ನು ತಬ್ಬಿ ಅತ್ತಳು. ಒತೀಲಿಯ ಅವಳ ಬೆನ್ನು ಸವರಿ ಸಮಾಧಾನ ಮಾಡಿದಳು, ಕಾಗದದ ಕರವಸ್ತ್ರ ಕೊಟ್ಟಳು. ಲೊರೆದಾನ ಹೋದ ಮೇಲೆ, “ಪಾಪ, ಯಾರೋ ಏನೋ. ಮನೇಲಿ ಸಾವಾಗಿರಬೇಕು,” ಎಂದಳು.

ಅಂದು ಸಂಜೆ ವಸತಿಗೃಹದ ಕೋಣೆಯಲ್ಲಿ ಅವಳು ಮತ್ತೆ ಚೀಲ ತುಂಬಿ ಕೂತಳು. “ಮನೆಗೆ ಹೋಗಬೇಕು.”

“ಇದೇ ಊರಲ್ಲವಾ ನೀನು ಕೇಳ್ತಿದ್ದದ್ದು?”

“ಇದು ಕೆಲಸದ ಊರು,” ಎಂದಳು ಒತೀಲಿಯ. “ನಾನು ಕೇಳಿದ್ದು ಮನೆ.”

ಮಿರೂನಳಿಗೆ ಫೋನ್ ಮಾಡಿದರೆ ಅಲ್ಲಿಯದೇ ರಾಮಾಯಣವಾಗಿತ್ತು. “ನಾನು ಮಾಡಿದ ಸಾರನ್ನ ಅಜ್ಜಿ ಕೋಳಿಗೆ ಹಾಕು ಅಂತಾರೆ ಅಪ್ಪ. ಮೂರು ಹೊತ್ತೂ ಬ್ರೆಡ್ ಹಾಲಲ್ಲಿ ಅದ್ದಿ ತಿಂತಾರೆ.” ಹಿಂದಿನಿಂದ ಸವೇತಳ ದನಿ ಬಂತು: “ಕೋಳೀನೂ ಮುಟ್ಟಲಿಲ್ಲ ಅಂತ ಹೇಳು. ಅದನ್ಯಾಕೆ ಬಿಡ್ತೀಯಾ?” ಗಾವ್ರಿಲನಿಗೆ ಆ ಜಗಳ ಕೇಳಿ ಹಿತವೆನ್ನಿಸಿತು.

*

ಎರಡನೆಯ ಮನೆ ನಡು ಇಟಲಿಯ ಉಂಬ್ರಿಯದ ಗುಡ್ಡದ ಮೇಲಿತ್ತು. ಕೆಳಗೆಲ್ಲ ಆಲಿವ್ ಮರ. ಯಜಮಾನಿತಿ ಸತ್ತು ಬಹಳ ಕಾಲವಾಗಿತ್ತು, ಅವಳ ಮಗ ಸಾಂದ್ರೊ, ಅವನ ಹೆಂಡತಿ ಇದ್ದರು. ಬಾಗಿಲಲ್ಲಿ ಅವರು ಮಾತಾಡಿಸುತ್ತಿದ್ದಂತೆಯೇ ಒತೀಲಿಯ ಒಳಗೆ ಹೋದಳು. ಹಿಂಬಾಗಿಲಿನಿಂದ ಹೊರಟುಹೋದಳೇನೋ ಎಂದು ಗಾವ್ರಿಲ್ ಗಾಬರಿಯಿಂದ ಹಿಂಬಾಲಿಸಿದ. ಅವಳು ಅಡುಗೆಮನೆಯಲ್ಲಿದ್ದಳು. ಕದದ ಹಿಂದಿನ ಮೊಳೆಯಿಂದ ಏಪ್ರನ್ ತೆಗೆದು ಸೊಂಟಕ್ಕೆ ಸುತ್ತಿಕೊಂಡು, ಬಗ್ಗಿ ಕೆಳಗಿನ ಕಪಾಟಿನಿಂದ ಅಗಲವಾದ ಬಾಣಲೆ ಎಳೆಯುತ್ತಿದ್ದಳು.

“ಅಮ್ಮಾವ್ರು ಎದ್ರಾ?” ಎಂದು ಸಾಂದ್ರೊನನ್ನು ಕೇಳಿದಳು.

ಸಾಂದ್ರೊ ಹೆಂಡತಿಯ ಮುಖ ನೋಡಿದ. “ಇನ್ನೂ ಮಲಗಿದ್ದಾರೆ,” ಎಂದ.

“ಮಲಗಲಿ. ರಾತ್ರಿಯೆಲ್ಲ ಕೆಮ್ಮಿದರು,” ಎಂದು ಒತೀಲಿಯ ಈರುಳ್ಳಿ ಹೆಚ್ಚತೊಡಗಿದಳು.

ಊಟಕ್ಕೆ ಅವರು ಒತೀಲಿಯಳನ್ನು ಬಲವಂತವಾಗಿ ಮೇಜಿಗೆ ಕೂರಿಸಿದರು. ಅವಳು ಕುರ್ಚಿಯ ಅಂಚಿನಲ್ಲಿ ಕೂತು, ಯಾರ ತಟ್ಟೆ ಬರಿದಾಗಿದೆ ಎಂದೇ ನೋಡುತ್ತಿದ್ದಳು. ಊಟವಾದ ಮೇಲೆ ಸಾಂದ್ರೊ ಗಾವ್ರಿಲನ ತೋಳು ಮುಟ್ಟಿ, “ಅವಳ ಕೋಣೆ ನೋಡ್ತೀರಾ?” ಎಂದ.

ಕೋಣೆ ಅಡುಗೆಮನೆಯ ಹಿಂದಿತ್ತು. ಬಟ್ಟೆ ಒಗೆಯುವ ಯಂತ್ರ, ಅದಕ್ಕೆ ತಾಗಿಕೊಂಡು ಒಂದು ಕಿರಿದಾದ ಮಂಚ. ಗಾವ್ರಿಲ್ ಸೈನ್ಯದಲ್ಲಿದ್ದಾಗ ಮಲಗುತ್ತಿದ್ದ ಮಂಚದಷ್ಟೇ ಅಗಲ. ಕಿಟಕಿ ತಲೆಗಿಂತ ಮೇಲಿತ್ತು. ಸಾಂದ್ರೊ ನಿಧಾನಕ್ಕೆ, ಕೈಸನ್ನೆ ಸೇರಿಸಿ ಹೇಳಿದ: ಈ ಮನೆಯಲ್ಲಿ ಆಗ ಫೋನಿಗೆ ಸಿಗ್ನಲ್ ಬರುತ್ತಿರಲಿಲ್ಲ. ಭಾನುವಾರ ಒತೀಲಿಯ ಮಂಚ ಹತ್ತಿ ನಿಂತು, ಫೋನನ್ನು ಕೈಯೆತ್ತಿ ಆ ಕಿಟಕಿಗೆ ಹಿಡಿದು, ಕೆಳಗಿನಿಂದ ಕೂಗಿ ಮಾತಾಡುತ್ತಿದ್ದಳು. ಸಾಂದ್ರೊ ತೋಳು ಮೇಲೆತ್ತಿ, ಕತ್ತು ಹಿಂದಕ್ಕೆ ಬಗ್ಗಿಸಿ ತೋರಿಸಿದ. “ಹೀಗೆ. ಬೀದಿಗೆಲ್ಲ ಕೇಳಿಸ್ತಿತ್ತು. ಮಿರೂನ, ಮಿರೂನ ಅಂತ. ನಮ್ಮ ಬೀದಿಯವರಿಗೆಲ್ಲ ನಿಮ್ಮ ಮಗಳ ಹೆಸರು ಗೊತ್ತು.”

ಗಾವ್ರಿಲನಿಗೆ ಆ ಭಾನುವಾರಗಳು ನೆನಪಿದ್ದವು. ಟೀವಿಯಲ್ಲಿ ಫುಟ್‌ಬಾಲ್ ನಡೆಯುತ್ತಿರುತ್ತಿತ್ತು. “ಯಾಕೆ ಕಿರಚ್ತೀಯಾ, ನಾವೇನು ಕಿವುಡರಾ?” ಎಂದು ರಿಸೀವರನ್ನು ಮಗಳ ಕೈಗೆ ಕೊಟ್ಟುಬಿಡುತ್ತಿದ್ದ. ಯಾಕೆ ಕೂಗುತ್ತೇನೆ ಎಂದು ಒತೀಲಿಯ ಒಂದು ದಿನವೂ ಹೇಳಿರಲಿಲ್ಲ.

ಸಾಂದ್ರೊ ಹೊರಗೆ ಹೋದ ಮೇಲೆ ಅವನು ಬೂಟು ಬಿಚ್ಚಿ ಮಂಚ ಹತ್ತಿ ನಿಂತ. ಕಿಟಕಿಯಿಂದ ಪಕ್ಕದ ಮನೆಯ ಗೋಡೆ ಕಂಡಿತು, ಅದರ ಪಕ್ಕ ಬೆರಳಗಲದ ರಸ್ತೆ. ಆಲಿವ್ ಮರಗಳು ಕಾಣಲಿಲ್ಲ.

*

ದಕ್ಷಿಣದ ಪೂಲ್ಯಕ್ಕೆ ಹೋಗುವ ರೈಲಿನಲ್ಲಿ ದಿನವಿಡೀ ಕಡಲು ಎಡಗಡೆಗಿತ್ತು. ಒತೀಲಿಯ ಬ್ರೆಡ್ಡಿನ ನಡುವೆ ಗಿಣ್ಣಿಟ್ಟು ಅವನಿಗೆ ಕೊಟ್ಟಳು, ಚೂರು ಬಿದ್ದದ್ದನ್ನು ಅವನ ಮಡಿಲಿಂದ ಆಯ್ದಳು. ಅವನು ನಿದ್ದೆ ಹೋದಾಗ ಕತ್ತಿನ ಹಿಂದೆ ಕೋಟು ಮಡಿಸಿಟ್ಟಳು. ಮದುವೆಯಾದ ಹೊಸದರಲ್ಲೂ ಅವಳು ಅವನನ್ನು ಹೀಗೆ ಉಪಚರಿಸಿದವಳಲ್ಲ. ಅದು ಪ್ರೀತಿಯಲ್ಲ, ಪಳಗಿದ ಕೈ ಎಂದು ಅವನಿಗೆ ಗೊತ್ತಿತ್ತು. ಆದರೂ ಕೋಟನ್ನು ತೆಗೆಯಲಿಲ್ಲ.

ಅಲ್ಲಿ ಕಡಲ ದಂಡೆಯ ಒಂದು ಊರಿನಲ್ಲಿ ಅವಳು ಮೊದಲು ದುಡಿದ ಮನೆಯಿತ್ತು. ಮದುವೆಯಾಗದ ಇಬ್ಬರು ಅಕ್ಕತಂಗಿಯರ ಮನೆ. ಅಕ್ಕ ತೀರಿಕೊಂಡಿದ್ದಳು. ತಂಗಿ ಮಿಮೀನ ತೊಂಬತ್ತು ದಾಟಿ, ಕಿಟಕಿಯ ಹತ್ತಿರ ಗಾಲಿ ಕುರ್ಚಿಯಲ್ಲಿ ಕೂತಿದ್ದಳು. ಈಗ ಅವಳನ್ನು ನೋಡಿಕೊಳ್ಳುವವಳು ಜಾರ್ಜಿಯ ದೇಶದ ಹೆಂಗಸು. ಅವಳು ಬಾಗಿಲು ತೆರೆದು, ಒತೀಲಿಯಳನ್ನು ಮೇಲಿನಿಂದ ಕೆಳಗೆ ನೋಡಿ, ಏನೂ ಕೇಳದೆ ಕಾಫಿಗೆ ನೀರಿಟ್ಟಳು.

ಮಿಮೀನ ಬೇಗ ಬೇಗ ಮಾತಾಡಿದಳು. ಗಾವ್ರಿಲನಿಗೆ ಒಂದೂ ಹತ್ತಲಿಲ್ಲ.

“ಏನಂತಾರೆ?” ಎಂದು ಹೆಂಡತಿಯನ್ನು ಕೇಳಿದ.

“ಯಾರೋ ಒಬ್ಬಳು ಮುದುಕಿ ಆಗಿಬಿಟ್ಟಳು ಅಂತಾರೆ,” ಎಂದಳು ಒತೀಲಿಯ.

ಮಿಮೀನ ನಗುತ್ತ ತನ್ನ ತಲೆ ಮುಟ್ಟಿಕೊಂಡು ಮತ್ತೇನೋ ಹೇಳಿದಳು. ಒತೀಲಿಯ ಗಮನವಿಟ್ಟು ಕೇಳಿ, ಗಂಡನ ಕಡೆ ವಾಲಿ, ಒಂದೊಂದಾಗಿ ಹೇಳತೊಡಗಿದಳು.

“ಇಲ್ಲಿ ಒಬ್ಬ ಹೆಂಗಸು ಕೆಲಸಕ್ಕಿದ್ದಳಂತೆ. ನಮ್ಮ ಕಡೆಯವಳೇ. ದಿನಾ ಬೆಳಿಗ್ಗೆ ಶಾಲೆ ಹೊತ್ತಿಗೆ ಸರಿಯಾಗಿ ಬಂದು ಇವರ ತಲೆ ಬಾಚಿ ಎರಡು ಜಡೆ ಹಾಕ್ತಿದ್ದಳಂತೆ. ನನಗೆ ಜಡೆ ಹಾಕೋಕೆ ಕೂದಲೆಲ್ಲಿದೆಯೇ ಅಂತ ಇವರು ಬಯ್ಯೋರಂತೆ. ಕೈಗೆ ಅಭ್ಯಾಸ ಆಗಿಬಿಟ್ಟಿದೆ ಅಮ್ಮಾವ್ರೆ, ಈ ಹೊತ್ತಿಗೆ ಜಡೆ ಹಾಕದಿದ್ದರೆ ಬೆರಳು ನೋಯುತ್ತೆ ಅನ್ನೋಳಂತೆ.” ಒತೀಲಿಯ ಮಿಮೀನಳ ಕಡೆ ತಿರುಗಿ ಏನೋ ಕೇಳಿ, ಮತ್ತೆ ಇವನ ಕಡೆ ಬಂದಳು. “ಊರಲ್ಲಿ ಚಿಕ್ಕ ಮಗಳನ್ನ ಬಿಟ್ಟು ಬಂದಿದ್ದಳಂತೆ.”

ಗಾವ್ರಿಲ್ ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

“ಆ ಹೆಂಗಸು ಯಾರು?”

“ನನಗೇನು ಗೊತ್ತು ಯಜಮಾನರೆ. ನನಗಿಂತ ಮುಂಚೆ ಇದ್ದೋಳು ಇರಬೇಕು.” ಒತೀಲಿಯ ತಲೆಯಾಡಿಸಿದಳು. “ಪಾಪ. ಅವಳ ಗಂಡ ಕರೆಸ್ಕೊಳ್ಳಲಿಲ್ಲವೇನೋ.”

ಮಿಮೀನ ಬೆರಳು ತೋರಿಸಿ ಇನ್ನೊಂದು ಪ್ರಶ್ನೆ ಕೇಳಿದಳು. ‘ಗಂಡ’ ಎಂಬ ಮಾತು ಗಾವ್ರಿಲನಿಗೆ ತಿಳಿಯಿತು. ಒತೀಲಿಯ ಅವನನ್ನು ಒಮ್ಮೆ ನೋಡಿ, ಇಲ್ಲ ಇಲ್ಲ ಎಂದು ಕೈಯಾಡಿಸಿದಳು. ಜಾರ್ಜಿಯದ ಹೆಂಗಸು ಒಲೆಯ ಕಡೆ ತಿರುಗಿ, ಸೆರಗಿನಂತೆ ಏಪ್ರನ್ನಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಳು.

ಆಮೇಲೆ ಇಬ್ಬರೂ ಕಡಲ ದಂಡೆಯ ಕಲ್ಲಿನ ಮೇಲೆ ಕೂತರು. ಮೀನುಗಾರರು ಬಲೆ ಒಣಹಾಕಿದ್ದರು.

“ಇನ್ನು ಮನೆಗೆ ಹೋಗೋಣವಾ?” ಎಂದಳು ಒತೀಲಿಯ.

“ಯಾವ ಮನೆಗೆ ಒತೀಲಿಯ? ಎಲ್ಲಾನೂ ನೋಡಿದೆವಲ್ಲ.”

“ನನ್ನ ಮನೆಗೆ. ಹಸಿರು ಗೇಟು. ಹಿತ್ತಿಲಲ್ಲಿ ಪ್ಲಮ್ ಮರ. ನನ್ನ ಮಗಳಿಗೆ ಹಲ್ಲು ಅಲ್ಲಾಡ್ತಿದೆ, ನಾನಿಲ್ಲದೆ ಕೀಳಿಸ್ಕೊಳ್ಳಲ್ಲ ಅಂತ ಹಟ.”

“ಗಂಡ?”

“ಇದಾನೆ. ಕಾರ್ಖಾನೆಯಿಂದ ಬರುವಾಗ ತಲೆ ತುಂಬ ಮರದ ಪುಡಿ. ಕೊಡವದೆ ಒಳಗೆ ಬಿಡಲ್ಲ ನಾನು.” ಅವಳ ಮುಖದಲ್ಲಿ ನಗು ಮೂಡಿತು. “ಮಾತು ಕಮ್ಮಿ. ಬೇಕು ಅಂದರೂ ಬೇಡ ಅಂದರೂ ಒಂದೇ ಮುಖ.”

“ಅದು ನಾನೇ ಕಣೆ,” ಎಂದ ಗಾವ್ರಿಲ್.

ಒತೀಲಿಯ ಅವನ ಬೆಳ್ಳಗಾದ ತಲೆಯನ್ನು, ಊದಿದ ಕಾಲನ್ನು ನೋಡಿದಳು. ವಯಸ್ಸಾದವರ ಮನಸ್ಸು ನೋಯಿಸಬಾರದು ಎಂಬಂತೆ ಮೆಲ್ಲಗೆ, “ಅವನು ಚಿಕ್ಕೋನು ಯಜಮಾನರೆ,” ಎಂದಳು.

*

ಅವರು ಫಲ್ತಿಚೇನಿಗೆ ಮರಳಿದಾಗ ಹಸಿರು ಗೇಟಿನ ಮುಂದೆ ಒತೀಲಿಯ ನಿಂತಳು. ಅವಳು ಕಾಲನ್ನು ಮೆಟ್ಟಿಲಿಗೆ ಒರೆಸಿಕೊಂಡು, ಗೇಟು ತೆರೆಯದೆ, ಗಂಟೆ ಒತ್ತಿದಳು.

ಬಾಗಿಲಿಗೆ ಬಂದ ಮಿರೂನ ಸೊರಗಿದ್ದಳು. ಸವೇತ ಜಾರಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಅಷ್ಟು ದೂರದಲ್ಲಿದ್ದವನನ್ನು ಹೆದರಿಸುವುದು ಬೇಡವೆಂದು ಮಿರೂನ ಫೋನಿನಲ್ಲಿ ಹೇಳಿರಲಿಲ್ಲ.

ಒತೀಲಿಯ ಕೋಟು ಬಿಚ್ಚಿ ನೇರವಾಗಿ ಸವೇತಳ ಕೋಣೆಗೆ ಹೋದಳು. ಹೊದಿಕೆ ಸರಿಸಿ ಬೆನ್ನು ನೋಡಿದಳು. “ಯಾರಮ್ಮ ಇವರನ್ನ ಹೀಗೆ ಒಂದೇ ಮಗ್ಗುಲಲ್ಲಿ ಬಿಟ್ಟಿರೋದು? ಚರ್ಮ ಕೆಂಪಾಗಿದೆ. ಬಿಸಿನೀರು ತನ್ನಿ.” ಮಿರೂನ ಹೋಗಿ ನೀರು ತಂದಳು. ಸವೇತ ಸೊಸೆಯ ಕೈಗೆ ಮೈ ಒಪ್ಪಿಸಿದಳು.

ಅಂದು ಊಟಕ್ಕೆ ಅಪ್ಪ ಮಗಳು ಇಬ್ಬರೇ ಕೂತರು. ಒತೀಲಿಯ ಕೋಣೆಯಲ್ಲಿ ಸವೇತಳಿಗೆ ಉಣಿಸುತ್ತಿದ್ದಳು, ಬಾಗಿಲು ತೆರೆದಿತ್ತು. ಗಾವ್ರಿಲ್ ಮಿಮೀನಳ ಮನೆಯ ಮಾತನ್ನು ಹೇಳಿದ. ಜಡೆಯ ಮಾತನ್ನು ಹೇಳುವಾಗ ಎರಡು ಸಲ ನಿಲ್ಲಿಸಿದ.

ಮಿರೂನ ಚಮಚವನ್ನು ತಟ್ಟೆಯ ಪಕ್ಕಕ್ಕಿಟ್ಟಳು.

“ನಿನಗೆ ನೆನಪಿದೆಯಾ ಅಪ್ಪ, ಅಮ್ಮ ಹೋದ ವಾರವೇ ಅಜ್ಜಿ ನನ್ನ ಜಡೆ ಕತ್ತರಿಸಿದ್ದು? ದಿನಾ ಬಾಚೋರು ಯಾರು ಅಂತ.”

“ಹೇನು ಬೀಳ್ತಿತ್ತು,” ಎಂದಳು ಸವೇತ ಕೋಣೆಯೊಳಗಿಂದ. “ನಾನು ದನ ನೋಡಲಾ, ಅಡುಗೆ ಮಾಡಲಾ, ಇವಳ ಜಡೆ ಹೆಣೆಯಲಾ?”

“ನಾನು ಅಮ್ಮನಿಗೆ ಫೋನಲ್ಲಿ ಹೇಳಲೇ ಇಲ್ಲ. ಬೇಜಾರಾಗುತ್ತೆ ಅಂತ.” ಮಿರೂನಳ ದನಿ ಗಟ್ಟಿಯಾಗಿಯೇ ಇತ್ತು. “ನನಗೆ ಜಡೆ ಇದೆ ಅಂದ್ಕೊಂಡೇ ಅವಳು ಅಲ್ಲಿ ಆ ಮುದುಕಿಗೆ ಹಾಕ್ತಿದ್ದಳು.”

ಒಳಗೆ ಚಮಚದ ಸದ್ದು ನಿಂತಿತು. ಸವೇತ, “ನೀನೊಬ್ಬಳೇ ಅಲ್ಲ, ನಾನೂ ಅತ್ತಿದ್ದೆ ಕಣೆ ಅವತ್ತು,” ಎಂದಳು. ಮಿರೂನ ಎದ್ದು ಹಿತ್ತಿಲಿಗೆ ಹೋದಳು. ಗಾವ್ರಿಲ್ ಅವಳ ಹಿಂದೆ ಹೋಗಲು ಎದ್ದ. ಬಾಗಿಲವರೆಗೆ ಹೋಗಿ ವಾಪಸ್ಸು ಬಂದು ಮೇಜನ್ನು ಒರೆಸಿದ.

ಆಮೇಲಿನ ದಿನಗಳಲ್ಲಿ ಮನೆಯ ಕೆಲಸ ಅವನ ಪಾಲಿಗೆ ಬಂತು. ಮಿರೂನ ಬೆಳಿಗ್ಗೆ ಅಂಗಡಿಗೆ ಹೋಗುತ್ತಿದ್ದಳು. ಒತೀಲಿಯ ಸವೇತಳ ಮಂಚ ಬಿಟ್ಟು ಕದಲುತ್ತಿರಲಿಲ್ಲ, ಬಟ್ಟೆ ತುಂಬಿ ಬಸ್ಸಿಗೆ ಕಾಯುವುದನ್ನೂ ನಿಲ್ಲಿಸಿದ್ದಳು. ಇಟಲಿ ನೋಡಿದ್ದರಿಂದ ಸಮಾಧಾನವಾಯಿತೆಂದು ಮಿರೂನ ಮೊದಮೊದಲು ಅಂದುಕೊಂಡಳು. ಹಾಗೇನಲ್ಲ, ಕೈಗೆ ರೋಗಿಯೊಬ್ಬಳು ಸಿಕ್ಕಿದ್ದರಿಂದ ಎಂದು ಗಾವ್ರಿಲನಿಗೆ ತಿಳಿದಿತ್ತು. ಅವನು ಗುಡಿಸಿದ, ಬಟ್ಟೆ ಒಗೆದು ಒಣಹಾಕಿದ, ಮುದ್ದೆ ಗಂಟಾಗದಂತೆ ತಿರುವುವುದನ್ನು ಕಲಿತ. ಬೀದಿಯ ಗಂಡಸರು ಬೇಲಿಯಾಚೆಯಿಂದ ನಕ್ಕರು. ಅವನು ಕೈಯಲ್ಲಿದ್ದ ತಾಯಿಯ ಲಂಗವನ್ನು ಬಚ್ಚಿಡದೆ ಹಗ್ಗಕ್ಕೆ ಸಿಕ್ಕಿಸಿದ.

ಒಂದು ಸಂಜೆ ಅವನು ಆಲೂಗೆಡ್ಡೆಯ ಸಿಪ್ಪೆ ತೆಗೆಯುತ್ತಿದ್ದಾಗ ಒತೀಲಿಯ ಒಳಗೆ ಬಂದಳು. ಅವನನ್ನೂ, ಅವನ ಸೊಂಟದ ಏಪ್ರನ್ನನ್ನೂ ನೋಡಿದಳು. ಇನ್ನೊಂದು ಚಾಕು ತೆಗೆದುಕೊಂಡು, ಯಾರೂ ಹೇಳದೆ, ಅವನ ಎದುರಿನ ಕುರ್ಚಿಯಲ್ಲಿ ಕೂತಳು.

“ನೀವು ಈ ಮನೆಗೆ ಕೆಲಸಕ್ಕೆ ಬಂದು ಬಹಳ ದಿನ ಆಯ್ತಾ?”

“ಆಯ್ತು,” ಎಂದ ಅವನು.

“ಪರವಾಗಿಲ್ಲ, ಒಳ್ಳೆ ಜನ. ಆ ಹುಡುಗಿಗೆ ಕೋಪ ಸ್ವಲ್ಪ ಜಾಸ್ತಿ, ಮನಸ್ಸು ಒಳ್ಳೇದು. ಮುದುಕಮ್ಮನ ಬಾಯಿ ಒಂದು ಬಿಟ್ಟರೆ ಏನೂ ತೊಂದರೆ ಇಲ್ಲ.” ಅವಳ ಚಾಕುವಿನಿಂದ ಸಿಪ್ಪೆ ಉದ್ದಕ್ಕೆ, ತುಂಡಾಗದೆ ಇಳಿಯುತ್ತಿತ್ತು. “ಊರಲ್ಲಿ ಯಾರಿದಾರೆ ನಿಮಗೆ?”

“ಹೆಂಡತಿ ಇದಾಳೆ.”

“ದೂರವಾ?”

“ದೂರ.”

“ಕರೆಸ್ಕೊಳ್ಳಿ,” ಎಂದಳು ಒತೀಲಿಯ, ತಲೆ ಎತ್ತದೆ. “ನಾಳೆ ನಾಡಿದ್ದು ಅಂತ ಬಹಳ ದಿನ ಬಿಡಬೇಡಿ. ಅಭ್ಯಾಸ ತಪ್ಪಿಹೋಗುತ್ತೆ.”

ಗಾವ್ರಿಲ್ ಕೈಯಲ್ಲಿದ್ದ ಗೆಡ್ಡೆಯನ್ನು ನೀರಿಗೆ ಹಾಕಿದ. “ಕರೀತಿದೀನಿ,” ಎಂದ.

“ಬರ್ತಾಳಂತಾ?”

“ಗೊತ್ತಿಲ್ಲ.”

ಅವಳು ಅವನ ಮುಂದಿದ್ದ ಗೆಡ್ಡೆಗಳಲ್ಲಿ ಅರ್ಧವನ್ನು ತನ್ನ ಕಡೆಗೆ ಎಳೆದುಕೊಂಡಳು. “ನಿಮ್ಮ ಕೈ ಇನ್ನೂ ಪಳಗಿಲ್ಲ. ಇತ್ತ ಕೊಡಿ,” ಎಂದಳು.